ಜರಡಿಗೆ ಸಿಗದ ಕಲ್ಲು

ಡಿಸೆಂಬರ್ 3, ಮಧ್ಯಾಹ್ನ

ಮೊಹಾ ಕಳಿಸಿದ, ಮೈಗೆ ಹಚ್ಚುವ ಮಣ್ಣಿನ ಮೂಟೆ ಬಸ್ಸಿನಲ್ಲಿ ಬಂತು. ಬಾಯಿ ಬಿಚ್ಚಿದರೆ ನಮ್ಮೂರ ಗಣಿಯ ಅದೇ ತಂಪು ವಾಸನೆ. ಈ ಸಲದ್ದು ಒಳ್ಳೆಯ ಮಾಲು. ಪದರ ಪದರ, ಉಗುರಿನಲ್ಲಿ ಗೀರಿದರೆ ಹೊಳೆಯುತ್ತದೆ. ಒಂದು ಚೂರು ನಾಲಿಗೆಗೆ ಮುಟ್ಟಿಸಿದೆ. ಅಂಟಿಕೊಂಡಿತು. ತಮ್ಮ ಮೋಸ ಮಾಡಿಲ್ಲ.

ನೆನೆಹಾಕಿದೆ. ಕೈ ತಾನಾಗಿ ಗುಲಾಬಿ ನೀರಿನ ಬಾಟಲಿಗೆ ಹೋಯಿತು. ನಜಾತ್ ಕಸಿದುಕೊಂಡಳು.

"ಅಮ್ಮಾ! ಬಿಳಿಯಲ್ಲಿದ್ದೀಯ."

ಮರೆತೇಹೋಗಿತ್ತು. ನನ್ನ ಗಂಡ ಅಲ್ಲಾಲ್ ಹೋದಾಗಿನಿಂದ ತಲೆಯಿಂದ ಕಾಲುಚೀಲದವರೆಗೆ ಬಿಳಿ. ನಾಲ್ಕು ತಿಂಗಳು ಹತ್ತು ದಿನ ಸುಗಂಧ ಮುಟ್ಟುವ ಹಾಗಿಲ್ಲ, ಕಣ್ಣಿಗೆ ಕಾಡಿಗೆ ಇಲ್ಲ, ಸಿಂಗಾರ ಇಲ್ಲ. ಹಾಗಾಗಿ ಮಣ್ಣು ನೆನೆಹಾಕುವುದು, ಸೋಸುವುದು ನಾನು. ಗುಲಾಬಿ, ಲವಂಗ, ಲ್ಯಾವೆಂಡರ್ ಬೆರೆಸುವುದು ಮಗಳು. ಅವಳು ಬೆರೆಸುವಾಗ ನಾನು ಮಾಳಿಗೆಯ ಆ ಮೂಲೆಗೆ ಹೋಗಿ ಗಾಳಿಗೆ ಬೆನ್ನು ಹಾಕಿ ಕೂರುತ್ತೇನೆ. ಆದರೂ ಮೂಗಿಗೆ ಬರುತ್ತದೆ. ಮೂಗಿಗೆ ಬಾಗಿಲು ಹಾಕಲಾಗುತ್ತದೆಯೇ...

ಪಕ್ಕದ ಮಾಳಿಗೆಯಿಂದ ಬತೂಲ್ ಕೂಗಿದಳು. "ಬಿಳಿ ಉಟ್ಕೊಂಡು ಮಣ್ಣು ಕಲಸೋಳು ಇಡೀ ಸೆಫ್ರೂನಲ್ಲಿ ನೀನೊಬ್ಬಳೇ ಕಣೇ ಹನಿಯಾ! ಅಲ್ಲಾಲ್ ನೋಡಿದ್ರೆ ಇನ್ನೊಂದು ಸಲ ಸಾಯ್ತಿದ್ದ."

ನಕ್ಕೆ. ಆಮೇಲೆ ಬಾಯಿ ಮುಚ್ಚಿಕೊಂಡೆ. ವಿಧವೆ ಮಾಳಿಗೆಯ ಮೇಲೆ ನಗಬಾರದು.

ಡಿಸೆಂಬರ್ 5

ಮಳೆ. ಮಣ್ಣು ಒಣಗುತ್ತಿಲ್ಲ. ಒಲೆಯ ಹತ್ತಿರ ಬಟ್ಟೆ ಹಾಸಿ ಹರಡಿದೆವು. ಮನೆಯೊಳಗೆ ಕಾಲಿಡಲು ಜಾಗವಿಲ್ಲ. ಅಲ್ಲಾಲ್ ಇದ್ದಿದ್ದರೆ ಇಷ್ಟು ಹೊತ್ತಿಗೆ ಒಂದು ಜಗಳ ಆಗಿರುತ್ತಿತ್ತು. "ನಾನು ಮದುವೆ ಆಗಿದ್ದು ಹೆಂಗಸನ್ನೋ ಗಣೀನೋ?" ಅನ್ನುತ್ತಿದ್ದರು. ಅವರ ಜಗಳ ಇಲ್ಲದೆ ಮನೆಗೆ ಕಿವಿ ಕೇಳದ ಹಾಗಾಗಿದೆ.

ನಜಾತ್ ಮೂರನೇ ಜರಡಿ ಹಿಡಿದಳು. ಆದರೂ ಕಲ್ಲು ಉಳಿದಿತ್ತು. ಕಣ್ಣು ಮುಚ್ಚಿಕೊಂಡು ಬೆರಳಲ್ಲಿ ಹುಡುಕು ಎಂದೆ. ಚಿಕ್ಕವಳಿದ್ದಾಗ ಹೀಗೇ ಕಲಿಸಿದ್ದು. ಕಣ್ಣಿಗೆ ಕಾಣದ್ದು ಬೆರಳಿಗೆ ಸಿಗುತ್ತದೆ. ಮದುವಣಗಿತ್ತಿಯ ಕೆನ್ನೆಗೆ ಹಚ್ಚುವ ಮಣ್ಣು, ಒಂದು ಕಲ್ಲು ಉಳಿದರೂ ಗೀರು ಬೀಳುತ್ತದೆ.

"ಸಿಕ್ತು!" ಅಂತ ಐದು ವರ್ಷದವಳ ಹಾಗೆ ಕೂಗಿದಳು.

ಡಿಸೆಂಬರ್ 9, ಬೆಳಿಗ್ಗೆ

ಮನೆಯಲ್ಲೇ ಬಕೆಟ್ ಇಟ್ಟುಕೊಂಡು ಸ್ನಾನ. ಬಿಳಿಯಲ್ಲಿ ಇರುವ ತನಕ ಹಮ್ಮಾಮಿಗೆ, ಊರ ಸ್ನಾನದ ಮನೆಗೆ, ಹೋಗುವುದು ಬೇಡ ಅಂತ ನಾನೇ ನೇಮ ಮಾಡಿಕೊಂಡಿದ್ದೇನೆ. ಆ ಬಿಸಿ ಮನೆಯಲ್ಲಿ ಹತ್ತು ಹೆಂಗಸರ ಕನಿಕರ ಕೇಳುತ್ತಾ ಬೆವರುವುದು ಯಾರಿಗೆ ಬೇಕು. ವಾಸನೆ ಬೆರೆಸದ ಬರೀ ಮಣ್ಣು ಹಚ್ಚಿಕೊಂಡೆ. ಕುತ್ತಿಗೆ, ತೋಳು, ಎದೆ.

ಎದೆಯ ಎಡಗಡೆ, ಬೆರಳಿಗೆ ಕಲ್ಲು ಸಿಕ್ಕಿತು.

ಇಷ್ಟು ಜರಡಿ ಹಿಡಿದರೂ ಉಳಿದಿದೆಯಲ್ಲ ಎಂದು ಬೈದುಕೊಂಡೆ. ನೀರು ಹೊಯ್ದೆ. ಮಣ್ಣು ಹೋಯಿತು. ಕಲ್ಲು ಹೋಗಲಿಲ್ಲ.

ಮತ್ತೆ ನೀರು ಹೊಯ್ದೆ.

ಡಿಸೆಂಬರ್ 10

ಏನೂ ಬರೆಯಲು ಮನಸ್ಸಿಲ್ಲ. ತೂದಾಳ ನೆನಪು.

ಡಿಸೆಂಬರ್ 12

ಬರೆದುಬಿಡುತ್ತೇನೆ. ಯಾರಿಗೂ ಹೇಳಲಾರೆ, ಇಲ್ಲಾದರೂ ಇರಲಿ.

ಅಕ್ಕ ತೂದಾಗೂ ಇದೇ ಬಂದಿತ್ತು. ಇದರ ಹೆಸರನ್ನು ನಮ್ಮಲ್ಲಿ ಯಾರೂ ಹೇಳುವುದಿಲ್ಲ. 'ಕೆಟ್ಟ ರೋಗ' ಅನ್ನುತ್ತೇವೆ, ಅದೂ ದನಿ ತಗ್ಗಿಸಿ. ಆಗ ನಾನು ದೂರದ ಮಿದೆಲ್ತ್‌ನಲ್ಲಿ ಗಂಡನ ಮನೆಯಲ್ಲಿದ್ದೆ, ಹೊಟ್ಟೆಯಲ್ಲಿ ನಜಾತ್, ಎಲ್ಲ ಅಮ್ಮನ ಬಾಯಿಂದ ಕೇಳಿದ್ದು. ತೂದಾ ಇದೇ ಸೆಫ್ರೂನಲ್ಲಿ ಇದ್ದಳು. ಅವಳದನ್ನು ಮೊದಲು ಕಂಡುಹಿಡಿದದ್ದು ಮಬಾರ್ಕಾ. ಹಮ್ಮಾಮಿನಲ್ಲಿ ಮೈ ಉಜ್ಜುವ ಮಬಾರ್ಕಾ. ಉಜ್ಜುತ್ತಾ ಉಜ್ಜುತ್ತಾ ಅವಳ ಕೈ ನಿಂತಿತಂತೆ. ಆಮೇಲೆ ಫೆಸ್‌ನ ದೊಡ್ಡ ಆಸ್ಪತ್ರೆ, ಆಪರೇಷನ್. ಆಲಿವ್ ಕೀಳುವ ಕಾಲಕ್ಕೆ ಅಕ್ಕ ಇರಲಿಲ್ಲ.

ಅಮ್ಮ ಸಾಯುವ ತನಕ ಹೇಳುತ್ತಿದ್ದಳು — ಕತ್ತಿ ತಾಗಿದ್ದಕ್ಕೇ ಅದು ಮೈಯೆಲ್ಲ ಹರಡಿತು. ಮುಟ್ಟದೆ ಬಿಟ್ಟಿದ್ದರೆ ಮಲಗಿಯೇ ಇರುತ್ತಿತ್ತು.

ನಾವು ಸೆಫ್ರೂಗೆ ಬಂದ ಮೇಲೆ ನನ್ನ ಮೈ ಉಜ್ಜಿದ್ದೂ ಅದೇ ಮಬಾರ್ಕಾ. ಇಷ್ಟು ವರ್ಷವೂ ಪ್ರತಿ ವಾರ ಅವಳ ಕೈ ಎದೆಯ ಹತ್ತಿರ ಬಂದಾಗ ಉಸಿರು ಹಿಡಿಯುತ್ತಿದ್ದೆ. ಕೈ ನಿಲ್ಲದೆ ಮುಂದೆ ಹೋಗುತ್ತಿತ್ತು. ಅದೇ ನನ್ನ ಆ ವಾರದ ನೆಮ್ಮದಿ.

ಈಗ ಹೋದರೆ ನಿಲ್ಲುತ್ತದೆ.

ದೇವರ ದಯೆ, ಬಿಳಿಯಲ್ಲಿದ್ದೇನೆ. ವಿಧವೆಯನ್ನು ಯಾರೂ ಬಾ ಎಂದು ಕರೆಯುವುದಿಲ್ಲ.

ಡಿಸೆಂಬರ್ 13

ಎದೆಗೆ ಮಣ್ಣು ಕಟ್ಟಿದೆ. ದಪ್ಪಗೆ, ಒದ್ದೆ ಬಟ್ಟೆಯಲ್ಲಿ. ಮೊಹಾನಿಗೆ ಕುರು ಎದ್ದಾಗ ಅಮ್ಮ ಹೀಗೇ ಕಟ್ಟಿದ್ದಳು, ಮೂರನೇ ದಿನ ಕೀವೆಲ್ಲ ಎಳೆದು ಹಾಕಿತ್ತು. ಜೇನು ಕಚ್ಚಿದರೂ ಇದೇ. ಕೊಳ್ಳಲು ಬರುವವರಿಗೆ ನಾನೇ ಹೇಳುತ್ತೇನಲ್ಲ — ಮೈಯಲ್ಲಿರುವ ವಿಷವನ್ನೆಲ್ಲ ಎಳೆಯುತ್ತದಮ್ಮ, ಒಣಗುವಾಗ ಚರ್ಮ ಬಿಗಿಯುತ್ತದಲ್ಲ, ಅದೇ ಎಳೆಯುವ ಗುರುತು.

ಒಣಗುವಾಗ ಬಿಗಿಯಿತು. ಎಳೆಯುತ್ತಿದೆ.

ಡಿಸೆಂಬರ್ 29

ದಿನಾ ಕಟ್ಟುತ್ತೇನೆ. ನಜಾತ್ ಬ್ರೆಡ್ ತರಲು ಹೋದಾಗ. ಬಿಳಿಯ ಮೇಲೆ ಕಂದು ಕಲೆ ಆಗುತ್ತದೆ, ನಾನೇ ಒಗೆಯುತ್ತೇನೆ. ಮಣ್ಣಿನ ಕೆಲಸದವಳ ಬಟ್ಟೆಯಲ್ಲಿ ಮಣ್ಣು ಇದ್ದರೆ ಯಾರು ಕೇಳುತ್ತಾರೆ.

ಸಣ್ಣದಾಗಿದೆ ಅನ್ನಿಸುತ್ತದೆ. ಕೆಲವು ದಿನ ಅನ್ನಿಸುವುದಿಲ್ಲ.

ಜನವರಿ 17, ಸಂಜೆ

ಬೆಟ್ಟದ ಮೇಲೆ ಹಿಮ. ಒಣ ಅವರೆಯ ಗಟ್ಟಿ ಸಾರು, ಮೇಲೆ ಆಲಿವ್ ಎಣ್ಣೆ, ಜೀರಿಗೆ. ನಜಾತ್ ಎರಡು ಬಟ್ಟಲು ತಿಂದಳು.

ಮಬಾರ್ಕಾ ಬಂದಿದ್ದಳು. ಬಾಗಿಲಲ್ಲಿ ಅವಳ ದನಿ ಕೇಳಿ ಒಳಗೆ ಓಡಿ ಶಾಲು ಎಳೆದುಕೊಂಡೆ. ವಯಸ್ಸಾಗಿದೆ ಅವಳಿಗೆ, ಮಂಡಿ ನೋವು. ಆದರೆ ಕೈ ಮಾತ್ರ... ಟೀ ಲೋಟ ಹಿಡಿದಾಗ ನೋಡುತ್ತಿದ್ದೆ. ಬಿಸಿ ನೀರಲ್ಲೇ ಇದ್ದು ಇದ್ದು ಬೆಳ್ಳಗೆ, ಮೃದುವಾಗಿ, ಹಸುಗೂಸಿನ ಕೈ ಹಾಗೆ.

"ಏನವ್ವಾ, ಬಡವಾಗಿದ್ದೀಯ," ಅಂದಳು.

"ದುಃಖ," ಅಂದೆ.

"ಇರ್ಲಿ. ಬಿಳಿ ತೆಗೆಯೋ ದಿನ ಮೊದಲ ಬಕೆಟ್ ನಂದು. ಯಾವಳೂ ಮುಟ್ಟಕೂಡದು. ನಿನ್ನ ಬೆನ್ನು ನನಗೆ ನಮ್ಮನೆ ಅಂಗಳ ಇದ್ದ ಹಾಗೆ, ಗುಡಿಸದೆ ಇಷ್ಟು ದಿನ ಬಿಟ್ಟಿದ್ದೇ ಹೆಚ್ಚು."

ಬತೂಲ್ ಸೇರಿಕೊಂಡಳು. "ನಾನು ಹಾಲು, ಖರ್ಜೂರ ತರ್ತೀನಿ. ಮೇಣದ ಬತ್ತಿ ಹಚ್ಚಿಕೊಂಡು ಹಾಡ್ತಾ ಹೋಗೋದು. ಬಿಳಿ ಅಲ್ಲೇ ಕಳಚಿ ಬಡವರಿಗೆ ಕೊಟ್ಟುಬಿಡೋದು. ಆಮೇಲೆ ಈ ಬೀದೀಲಿ ಹನಿಯಾಗೆ ಇನ್ನೊಂದು ಗಂಡು ಹುಡುಕೋದು!"

ಎಲ್ಲರೂ ನಕ್ಕರು. ಮಬಾರ್ಕಾ ನಗುತ್ತಾ ನನ್ನನ್ನೇ ನೋಡುತ್ತಿದ್ದಳು.

ಫೆಬ್ರವರಿ 11

ನಾಳೆ ಮುಗಿಯುತ್ತದೆ. ನಜಾತ್ ಹಮ್ಮಾಮಿನ ಚೀಲ ತುಂಬಿಸಿ ಬಾಗಿಲ ಹತ್ತಿರ ಇಟ್ಟಿದ್ದಾಳೆ. ಟವೆಲ್, ಕರಿ ಸೋಪು, ಬಾಚಣಿಗೆ. ಮಣ್ಣು ತಾನೇ ಬೆರೆಸಿದ್ದಾಳೆ, ಕಿತ್ತಳೆ ಹೂವಿನ ನೀರು ಹಾಕಿ. ಅವಳಪ್ಪ ಹೋದ ಮೇಲೆ ಅವಳು ಹಾಡು ಗುನುಗಿದ್ದು ಇವತ್ತೇ.

ಏನು ಹೇಳಲಿ.

ಫೆಬ್ರವರಿ 12

ಹೇಳಿದೆ. "ಬಿಳಿ ತೆಗೆಯಲ್ಲ. ಇನ್ನೂ ಸ್ವಲ್ಪ ದಿನ ಇರ್ತೀನಿ. ಅವರು ಕನಸಿನಲ್ಲಿ ಬರ್ತಾರೆ."

ಬತೂಲ್ ಕೈಯಲ್ಲಿ ಹಾಲಿನ ಪಾತ್ರೆ ಹಿಡಿದು ನಿಂತೇ ಇದ್ದಳು. "ಕನಸಿನಲ್ಲಿ ಬಂದು ಏನ್ಮಾಡ್ತಾನೆ? ಜಗಳಾನಾ?"

ನಜಾತ್ ಅತ್ತಳು. ಆಮೇಲೆ ಚೀಲ ಬಿಚ್ಚಿ ಒಂದೊಂದೇ ತೆಗೆದಿಟ್ಟಳು.

ಸುಳ್ಳು ಹೇಳಿದೆ. ಅಲ್ಲಾಲ್ ಕನಸಿಗೆ ಒಂದು ದಿನವೂ ಬಂದಿಲ್ಲ. ಬಂದರೆ ಹೇಳುತ್ತಿದ್ದೆ — ನೀವು ಹೋಗಿ ನನಗೊಂದು ಮರೆ ಕೊಟ್ಟಿರಿ.

ಫೆಬ್ರವರಿ 24

ಮಸೀದಿಯಲ್ಲಿ ಪಾಠ ಹೇಳುವವರ ಹೆಂಡತಿ ಬಂದು ಬುದ್ಧಿ ಹೇಳಿದರು. "ಗಡುವು ಮುಗಿದ ಮೇಲೆ ಬಿಳಿ ಉಡೋದು ಸರಿಯಲ್ಲ ಲಲ್ಲಾ ಹನಿಯಾ. ದೇವರು ಕೊಟ್ಟ ಲೆಕ್ಕಕ್ಕಿಂತ ಹೆಚ್ಚು ದುಃಖ ಪಡೋದೂ ದೇವರ ಮೇಲೆ ಮುನಿಸಿಕೊಂಡ ಹಾಗೆ." ತಲೆಯಾಡಿಸಿದೆ. ಟೀ ಕೊಟ್ಟೆ. ಮಾತು ಬೇರೆ ಕಡೆ ಹೊರಳಿಸಿದೆ.

ಬೀದಿಗೆ ಮಾತ್ರ ಈ ಲೆಕ್ಕ ಬೇಡ. ಬೀದಿಗೆ ಕಥೆ ಬೇಕು. ಹನಿಯಾಗೆ ಗಂಡನ ಮೇಲೆ ಎಂಥಾ ಪ್ರೀತಿ ನೋಡಿ! ನೀರು ತರುವ ಕಡೆ, ಬೇಕರಿಯಲ್ಲಿ, ಎಲ್ಲೆಲ್ಲೂ ಅದೇ. ಇಷ್ಟು ವರ್ಷ ನಮ್ಮ ಜಗಳ ಕೇಳಿದ ಗೋಡೆಗಳೇ ಈಗ ನಮ್ಮ ಪ್ರೀತಿಗೆ ಸಾಕ್ಷಿ.

ಮಾರ್ಚ್ 4

ಮದುವಣಗಿತ್ತಿಯೊಬ್ಬಳ ತಾಯಿ ಬಂದಿದ್ದಳು, ಆಚೆ ಬೀದಿಯಿಂದ. ಮಣ್ಣು ಬೇಕಂತೆ. ಆದರೆ ನಜಾತ್ ಬೆರೆಸಿದ್ದು ಬೇಡವಂತೆ, ನನ್ನ ಕೈ ಸೋಕಿದ್ದೇ ಬೇಕಂತೆ. "ನಿಮ್ಮ ಕೈ ಸೋಕಿದ ಮಣ್ಣು ಹಚ್ಚಿಕೊಂಡ್ರೆ ನನ್ನ ಮಗಳೂ ನಿಮ್ಮ ಥರ ಗಂಡನನ್ನ ಪ್ರೀತಿಸ್ತಾಳೆ ಲಲ್ಲಾ."

ಕೊಟ್ಟೆ. ಹುಡುಗಿ ಬಾಗಿಲಲ್ಲೇ ನಿಂತಿದ್ದಳು, ನಾಚಿಕೊಂಡು. ನನ್ನ ಕೈ ತೆಗೆದು ಮುತ್ತಿಟ್ಟಳು. ಅದೇ ಕೈಯಲ್ಲಿ ಅರ್ಧ ಗಂಟೆ ಮುಂಚೆ ಎದೆಗೆ ಮಣ್ಣು ಕಟ್ಟಿಕೊಂಡಿದ್ದೆ.

ಅವರು ಹೋದ ಮೇಲೆ ಕೈ ತೊಳೆದೆ, ಮೊಣಕೈ ತನಕ.

ಮಾರ್ಚ್ 9

ದೊಡ್ಡದಾಗಿದೆ. ಇನ್ನು ಸುಳ್ಳು ಬರೆಯುವುದಿಲ್ಲ. ಮೇಲಿನ ಚರ್ಮ ಕಿತ್ತಳೆ ಸಿಪ್ಪೆಯ ಹಾಗಾಗಿದೆ. ಒಣಗಿದ ಮಣ್ಣು ಬಿಡಿಸಿದರೆ ಉರಿ. ಇನ್ನೂ ದಪ್ಪ ಕಟ್ಟಿದೆ.

ಎಳೆಯಬೇಕಲ್ಲ. ಯಾಕೆ ಎಳೆಯುತ್ತಿಲ್ಲ...

ಏಪ್ರಿಲ್ 6

ಬರೆದು ಎಷ್ಟು ದಿನವಾಯಿತು. ಎಡಗೈ ಭಾರ, ಮೂಟೆ ಎತ್ತಲಾಗುವುದಿಲ್ಲ. ಸೊಂಟ ಹಿಡಿದಿದೆ ಎಂದು ನಜಾತ್‌ಗೆ ಹೇಳಿದ್ದೇನೆ. ಪಾಪ, ಒಬ್ಬಳೇ ಹೊರುತ್ತಾಳೆ.

ಚೆರಿ ಗಿಡಗಳೆಲ್ಲ ಹೂ ಬಿಟ್ಟಿವೆ. ಊರಿಗೆ ಊರೇ ಬೆಳ್ಳಗೆ. ಬತೂಲ್ ಅಂದಳು, "ನೋಡೇ, ಮರಗಳೂ ನಿನ್ನ ಜೊತೆ ಸೇರಿಕೊಂಡ್ವು. ಅವಾದ್ರೂ ಹತ್ತು ದಿನಕ್ಕೆ ಬಿಳಿ ಉದುರಿಸ್ತಾವೆ!"

ಏಪ್ರಿಲ್ 13, ಮಧ್ಯಾಹ್ನ

ಮಬಾರ್ಕಾ ಬಂದಳು. ಕೈಯಲ್ಲಿ ಬಕೆಟ್, ಉಜ್ಜುವ ಒರಟು ಚೀಲ, ಕಂಕುಳಲ್ಲಿ ಟವೆಲ್.

"ನೀನು ಹಮ್ಮಾಮಿಗೆ ಬರಲ್ಲ ಅಂದ್ರೆ ಹಮ್ಮಾಮೇ ನಿನ್ನ ಮನೆಗೆ ಬಂದಿದೆ. ನಜಾತ್, ನೀರು ಕಾಯಿಸು ಮಗಳೇ."

"ಬೇಡ. ಇವತ್ತು ಬೇಡ ಮಬಾರ್ಕಾ."

"ಯಾವತ್ತು ಬೇಕು? ಎಲ್ರೂ ಹೊಗಳ್ತಿದಾರೆ ಅಂತ ಕೊಳೆ ಕಟ್ಟಿಕೊಂಡು ಕೂರ್ತೀಯಾ?" ನಗುತ್ತಲೇ ಹತ್ತಿರ ಬಂದಳು. ನಿಂತಳು. ನಗು ಹೋಯಿತು.

ತಲೆ ತಗ್ಗಿಸಿ ನೋಡಿಕೊಂಡೆ. ಬೆಳಿಗ್ಗೆ ಕಟ್ಟಿದ ಮಣ್ಣು ಸರಿಯಾಗಿ ಒಣಗಿರಲಿಲ್ಲ. ಬಿಳಿಯ ಮೇಲೆ, ಎಡಗಡೆ, ರೊಟ್ಟಿಯಗಲ ಕಂದು ಒದ್ದೆ. ಬೇರೆ ಬಣ್ಣ ಉಟ್ಟಿದ್ದರೆ ಕಾಣುತ್ತಿರಲಿಲ್ಲ.

ಮಬಾರ್ಕಾ ನಜಾತ್ ಕಡೆ ತಿರುಗಿದಳು. "ಮಗಳೇ, ನಮ್ಮನೆಗೆ ಹೋಗಿ ನನ್ನ ಮಂಡಿ ಎಣ್ಣೆ ತಗೊಂಡು ಬಾ. ಗೂಡಿನಲ್ಲಿದೆ. ಇಲ್ಲ ಅಂದ್ರೆ ಹುಡುಕು."

ಬಾಗಿಲು ಮುಚ್ಚಿದ ಮೇಲೆ ಕೂತಳು. ಮುಟ್ಟಲಿಲ್ಲ. ನಾನೇ ಮಾತಾಡಿದೆ.

"ಕತ್ತಿ ತಾಗಿದ್ರೆ ಹರಡುತ್ತೆ. ತೂದಾಗೆ ಆಗಲಿಲ್ವಾ? ನೀನು ಹೇಳಿದೆ, ಅವಳು ಹೋದಳು, ಕೊಯ್ದರು, ಸತ್ತಳು."

"ಹಾಗಂತ ಯಾರು ಹೇಳಿದ್ರು?"

"ಅಮ್ಮ."

ಮಬಾರ್ಕಾ ಬಕೆಟ್ಟಿನ ಹಿಡಿ ಸವರಿದಳು. "ನಾನು ಹೇಳಿದ ಮೇಲೆ ತೂದಾ ಎರಡು ಚಳಿಗಾಲ ಮನೇಲಿ ಕೂತಿದ್ಲು ಕಣೇ. ನಿಮ್ಮಮ್ಮ ಊರಿಂದ ಮೂಟೆ ಹೊತ್ತು ತಂದಳು. ಮಣ್ಣು ಎಳೀತದೆ ಅಂದಳು. ಕಟ್ಟಿದಳು, ಬಿಚ್ಚಿದಳು, ಕಟ್ಟಿದಳು. ಆಸ್ಪತ್ರೆಗೆ ಹೋಗೋ ಹೊತ್ತಿಗೆ ಕೊಯ್ದೂ ಪ್ರಯೋಜನ ಇರಲಿಲ್ಲ. ಎಲ್ಲಾ ಕಡೆ ಹೋಗಿತ್ತು."

"ಅಮ್ಮ ಈ ಮಾತು ಹೇಳಲೇ ಇಲ್ಲ."

"ಹೇಳ್ತಾಳಾ? ಮಗಳನ್ನ ಮಣ್ಣು ಮಾಡಿದೋಳು. ತಪ್ಪನ್ನ ಕತ್ತಿ ಮೇಲೆ ಹಾಕಿದಳು, ನನ್ನ ಕೈ ಮೇಲೆ ಹಾಕಿದಳು. ಹಾಕ್ಕೊಳ್ಳಲಿ, ಅವಳಿಗೆ ಅಷ್ಟಾದ್ರೂ ಇರಲಿ ಅಂತ ನಾನೂ ಸುಮ್ಮನಿದ್ದೆ." ಆಮೇಲೆ ನನ್ನ ಕಡೆ ನೋಡಿದಳು. "ಸುಮ್ಮನಿದ್ದು ನಿನ್ನನ್ನ ಇಲ್ಲಿಗೆ ತಂದೆ."

"ಮಣ್ಣು ಕುರುವನ್ನು ಎಳೆಯುತ್ತೆ ಮಬಾರ್ಕಾ. ನಾನು ಕಣ್ಣಾರೆ ಕಂಡಿದ್ದೀನಿ."

"ಕುರು ಚರ್ಮದ್ದು. ಮಣ್ಣೂ ಚರ್ಮದ್ದೇ. ಕೊಳೆ ತೆಗೀತದೆ, ಎಣ್ಣೆ ತೆಗೀತದೆ, ಮೈ ನುಣ್ಣಗೆ ಮಾಡ್ತದೆ. ಅದನ್ನೇ ನಾನೂ ದಿನಾ ಹಚ್ಚಿ ಅನ್ನ ತಿಂತಿದ್ದೀನಿ. ಅದರ ಕೈಲಿ ಆಗದ್ದನ್ನ ಅದಕ್ಕೆ ಹೇಳಿದ್ರೆ ಏನ್ಮಾಡ್ತದೆ ಪಾಪ?"

ನಜಾತ್ ಎಣ್ಣೆ ತಂದಳು. ಮಬಾರ್ಕಾ ಮಂಡಿಗೆ ಹಚ್ಚಿಕೊಂಡು, ನಿಧಾನ, ಬಹಳ ನಿಧಾನ, ಎದ್ದಳು.

"ನಾಡಿದ್ದು ಬೆಳಿಗ್ಗೆ ಹಮ್ಮಾಮಿಗೆ ಬಾ. ಬೇರೆ ಯಾರೂ ಬರೋ ಮುಂಚೆ."

ಏಪ್ರಿಲ್ 14

ಇಡೀ ದಿನ ಅಮ್ಮನ ಜೊತೆ ಜಗಳ. ಗೋರಿಯಲ್ಲಿರುವವಳ ಜೊತೆ. ಹೇಳಿದ್ದರೆ ಏನಾಗುತ್ತಿತ್ತು ಅಮ್ಮಾ. ಒಂದು ಮಾತು.

ಆಮೇಲೆ ಅನ್ನಿಸಿತು. ನಾನು ನಜಾತ್‌ಗೆ ಏನು ಹೇಳಿದ್ದೇನೆ. ಸೊಂಟ ಹಿಡಿದಿದೆ ಎಂದು.

ಏಪ್ರಿಲ್ 15, ಹಮ್ಮಾಮಿನಿಂದ ಬಂದ ಮೇಲೆ

ಹಾಡಿಲ್ಲ, ಮೇಣದ ಬತ್ತಿಯಿಲ್ಲ, ಹಾಲು ಖರ್ಜೂರ ಇಲ್ಲ. ನಾವಿಬ್ಬರೇ. ಒಲೆ ಆಗತಾನೇ ಹೊತ್ತಿತ್ತು, ಕಲ್ಲು ಇನ್ನೂ ಬೆಚ್ಚಗಾಗಿರಲಿಲ್ಲ.

ಬಿಳಿ ಕಳಚಿದೆ. ಮಬಾರ್ಕಾ ಬೆನ್ನಿನಿಂದ ಶುರುಮಾಡಿದಳು. ಅಂಗಳ ಗುಡಿಸಿದ ಹಾಗೆ. ಇಷ್ಟು ತಿಂಗಳ ಕೊಳೆ ಎಳೆ ಎಳೆಯಾಗಿ ಬಂತು. "ಅಲ್ಲಾಲ್ ನೆನಪೆಲ್ಲ ಇಲ್ಲೇ ಇತ್ತು ನೋಡು," ಅಂದಳು. ಇಬ್ಬರೂ ನಕ್ಕೆವು. ಗುಮ್ಮಟದಲ್ಲಿ ನಗು ಸುತ್ತಿ ಸುತ್ತಿ ಕೆಳಗೆ ಬಂತು.

ಆಮೇಲೆ ತಿರುಗಿ ಮಲಗಿದೆ. ಒರಟು ಚೀಲ ತೆಗೆದಿಟ್ಟು ಬರೀ ಕೈಯಲ್ಲಿ ಒಣಗಿದ ಮಣ್ಣಿಗೆ ನೀರು ಬಿಟ್ಟು ಬಿಟ್ಟು ಕರಗಿಸಿದಳು. ಉಸಿರು ಹಿಡಿದಿದ್ದೆ. ಕೈ ನಿಂತಿತು. ಗೊತ್ತಿತ್ತು. ಆಮೇಲೆ ಮುಂದೆ ಹೋಯಿತು, ಕಂಕುಳ ಕಡೆಗೆ. ಅಲ್ಲಿ ಇನ್ನೊಂದು ಸಲ ನಿಂತಿತು.

"ಇಲ್ಲೂ ಇದೆ," ಅಂದಳು. "ಗೊತ್ತಿತ್ತಾ?"

ಗೊತ್ತಿರಲಿಲ್ಲ.

ಅವಳು ಬಕೆಟ್ ಎತ್ತಿದಳು. ಬಿಸಿ ನೀರು ಹೊಯ್ದಳು, ತಲೆಯ ಮೇಲೆ, ಒಂದಾದ ಮೇಲೆ ಒಂದು. ಅಳುವವರಿಗೆ ಹಮ್ಮಾಮಿನಷ್ಟು ಒಳ್ಳೆಯ ಜಾಗ ಇಲ್ಲ, ಯಾವುದು ಯಾವ ನೀರು ಎಂದು ಯಾರಿಗೂ ತಿಳಿಯುವುದಿಲ್ಲ. ಅವಳೂ ಅತ್ತಿರಬೇಕು.

ಹೊರಡುವಾಗ ಬಿಳಿ ಬಟ್ಟೆ ಎತ್ತಿಕೊಂಡು ಬೆಳಕಿಗೆ ಹಿಡಿದಳು. ಎದೆಯ ಜಾಗದಲ್ಲಿ ಮಣ್ಣಿನ ಕಲೆ, ಉಂಗುರದ ಮೇಲೆ ಉಂಗುರ. "ಇದನ್ನ ಯಾವ ಬಡವರಿಗೂ ಕೊಡಲ್ಲ," ಅಂದಳು. ಒಲೆಗೆ ಹಾಕಿದಳು.

ನಾಳೆ ಮೊದಲ ಬಸ್ಸಿಗೆ ಫೆಸ್. ಜೊತೆಗೆ ಅವಳೂ ಬರುತ್ತಾಳೆ. "ವಾಸಿ ಆಗುತ್ತಾ?" ಎಂದು ಕೇಳಿದೆ. "ಗಂಟು ಇದೆಯೋ ಇಲ್ವೋ, ನನ್ನ ಕೈಗೆ ಅಷ್ಟೇ ಗೊತ್ತಾಗೋದು," ಅಂದಳು.

"ಮಗಳಿಗೆ ಹೇಳು. ಅವಳಿಗೆ ಹೇಳದೆ ಬಸ್ ಹತ್ತಬೇಡ."

ಏಪ್ರಿಲ್ 16, ಬೆಳಿಗ್ಗೆ

ನಿನ್ನೆ ಹೇಳಲಾಗಲಿಲ್ಲ. ಬಣ್ಣದ ಬಟ್ಟೆಯಲ್ಲಿ ನನ್ನನ್ನು ಕಂಡು ನಜಾತ್ ಎಷ್ಟು ಕುಣಿದಳು. ಮಾಳಿಗೆಯಿಂದಲೇ ಬತೂಲ್‌ಗೆ ಕೂಗಿ ಹೇಳಿದಳು. ಬತೂಲ್ ನಾಲಿಗೆ ಸುಳಿಸಿ ಮಂಗಳದ ಕೂಗು ಹಾಕಿದಳು, ಇಡೀ ಬೀದಿಗೆ ಕೇಳುವ ಹಾಗೆ. ಫೆಸ್‌ಗೆ ಹೋಗುವುದು ಹೊಸ ಬಟ್ಟೆಗೆ ಎಂದುಕೊಂಡಿದ್ದಾಳೆ ಹುಡುಗಿ. "ಹಸಿರು ತಗೋ ಅಮ್ಮಾ. ನಿನಗೆ ಹಸಿರು ಒಪ್ಪುತ್ತೆ."

ಕೆಳಗೆ ಟೀ ಕುದಿಯುವ ಸದ್ದು. ಪುದೀನ ವಾಸನೆ. ಮಬಾರ್ಕಾ ಆಗಲೇ ಬೀದಿಯಲ್ಲಿ ಬಂದು ಕೂತಿದ್ದಾಳೆ, ಮೆಟ್ಟಿಲು ಹತ್ತಲಾರದೆ ಅಲ್ಲಿಂದಲೇ ಕೆಮ್ಮಿ ನೆನಪಿಸುತ್ತಿದ್ದಾಳೆ. ನಾನು ಮಗಳಿಗೆ ಹೇಳುವ ತನಕ ಬಾಗಿಲು ಬಡಿಯುವುದಿಲ್ಲ.

ರೋಗದ ಹೆಸರು ನನ್ನ ಬಾಯಿಂದ ಬರುವುದಿಲ್ಲ. ಅಮ್ಮನಿಗೂ ಬರಲಿಲ್ಲ. ಬೇರೆ ದಾರಿ ಬೇಕು.

ನಜಾತ್ ಮೆಟ್ಟಿಲು ಹತ್ತುತ್ತಿದ್ದಾಳೆ. ಕೈಯಲ್ಲಿ ಟ್ರೇ ಇದೆ, ಲೋಟಗಳು ಕಿಣಿಕಿಣಿ ಅನ್ನುತ್ತಿವೆ. ಟ್ರೇ ಕೆಳಗಿಡು ಅನ್ನುತ್ತೇನೆ. ಕಣ್ಣು ಮುಚ್ಚಿಕೋ ಅನ್ನುತ್ತೇನೆ. ಆಮೇಲೆ ಅವಳ ಕೈ ಹಿಡಿದು, ಬೆರಳು ಇಲ್ಲಿ, ಎದೆಯ ಈ ಕಲ್ಲಿನ ಮೇಲೆ ಇಟ್ಟು, ಹುಡುಕು ಅನ್ನುತ್ತೇನೆ.